ಆಸ್ಪತ್ರೆಯಲ್ಲಿ ‘ಜಾರಿ ಬಿದ್ರು’ ಅಂತ ಬರೆಸಿಬಿಟ್ವಿ, ಈಗ ಕಂಪ್ಲೇಂಟ್ ಕೊಡಬಹುದಾ? ಅನುಭವ ಇದ್ದವರು ಹೇಳಿ

ನಾಗರಬಾವಿ_ಮಗ: ಕಳೆದ ಗುರುವಾರ ಅಮ್ಮ ಸ್ಕೂಟರಲ್ಲಿ ಹೋಗ್ತಿದ್ದಾಗ ರಿಂಗ್ ರೋಡಿನ ಸರ್ವೀಸ್ ರಸ್ತೆಯಲ್ಲಿ ಹಿಂದಿನಿಂದ ಕಾರು ಗುದ್ದಿತು. ಬಲಗೈ ಮಣಿಕಟ್ಟು ಮುರಿದಿದೆ. ಕಾರಿನವರು ಅಲ್ಲೇ 10,000 ಕೊಟ್ಟು, ಪೊಲೀಸ್ ಬೇಡ, ಖರ್ಚೆಲ್ಲ ನಾನೇ ನೋಡ್ಕೋತೀನಿ ಅಂದರು. ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸೋ ದಾಖಲೆ) ಮಾಡಿಸಿದರೆ ಠಾಣೆಗೆ ಅಲೆಯಬೇಕು ಅಂತ ಹೆದರಿ ನಾವೂ ಹಾಗೆ ಬರೆಸಿದ್ವಿ. ಈಗ ಆಪರೇಷನ್ನಿಗೆ 1.4 ಲಕ್ಷ ಅಂತಿದಾರೆ. ಆ ಮನುಷ್ಯ ಫೋನ್ ಎತ್ತುತ್ತಿಲ್ಲ. ಗಾಡಿ ನಂಬರ್ ಇದೆ.

ಬೊಮ್ಮನಹಳ್ಳಿ_ಟೀಚರ್: 2021ರಲ್ಲಿ ನಾನೂ ಹೀಗೇ ಮಾಡಿದೆ, ಇವತ್ತಿಗೂ ಹೊಟ್ಟೆ ಉರಿಯತ್ತೆ. ಸಿಲ್ಕ್ ಬೋರ್ಡ್ ಹತ್ರ ಟೆಂಪೋ ಟ್ರಾವೆಲರ್ ಗುದ್ದಿ ಮೊಣಕಾಲ ಕೆಳಗೆ ಎರಡು ಕಡೆ ಮುರೀತು. ಡ್ರೈವರ್ ಹುಡುಗ, ಕೆಲಸ ಹೋಗತ್ತೆ ಅಕ್ಕ ಅಂತ ಅತ್ತ. 15,000 ತಗೊಂಡು ಸುಮ್ಮನಾದೆ. ರಾಡ್ ಹಾಕೋಕೆ 1,86,400. ಹೆಲ್ತ್ ಇನ್ಶೂರೆನ್ಸಿಂದ 1,20,000 ಬಂತು, ಮಿಕ್ಕಿದ್ದು ಓಲೆ ಅಡವಿಟ್ಟು ಕಟ್ಟಿದೆ. ಫಿಸಿಯೋ ಮನೆಗೆ ಬಂದರೆ ದಿನಕ್ಕೆ 600, 42 ದಿನ, 25,200. ಖಾಸಗಿ ಶಾಲೆ, ಮೂರು ತಿಂಗಳು ಸಂಬಳ ಇಲ್ಲ. ರಾಡ್ ತೆಗೆಸೋಕೆ ಮತ್ತೆ 64,000. ಆಮೇಲೆ ವಕೀಲರ ಹತ್ರ ಹೋದರೆ ಎಫ್‌ಐಆರ್ ಎಲ್ಲಮ್ಮ ಅಂದರು. ಕೇಸ್ ಶೀಟಲ್ಲಿ ‘ಸ್ವತಃ ಬಿದ್ದದ್ದು’ ಅಂತಿದೆ. ನನ್ನ ಕಾಲು ಮುರಿದದ್ದು ಸರ್ಕಾರದ ಲೆಕ್ಕದಲ್ಲೇ ಇಲ್ಲ.

ಮೇಯೋಹಾಲ್_ಮೆಟ್ಟಿಲು: ನಾನು ಬಿಡಲಿಲ್ಲ. 2017, ಕೆ.ಆರ್. ಪುರ, ನೀರಿನ ಟ್ಯಾಂಕರ್. ಠಾಣೆಯಲ್ಲಿ ಮೊದಲ ದಿನ ‘ರಾಜಿ ಮಾಡ್ಕೊಳ್ಳಿ’ ಅಂದ್ರು, ಎರಡನೇ ದಿನ ‘ಸಾಹೇಬ್ರು ಬಂದೋಬಸ್ತಿಗೆ ಹೋಗಿದಾರೆ’. ನಾಲ್ಕನೇ ದಿನ ಎಫ್‌ಐಆರ್ ಆಯ್ತು. ಮಹಜರು, ವೂಂಡ್ ಸರ್ಟಿಫಿಕೇಟು, ಗಾಡಿ ತಪಾಸಣೆಯ ಐಎಂವಿ ರಿಪೋರ್ಟು, ಚಾರ್ಜ್‌ಶೀಟು, ಒಂದೊಂದಕ್ಕೂ ನಾನೇ ಬೆನ್ನು ಬಿದ್ದೆ, ಒಟ್ಟು 11 ಸಲ. ವೈದ್ಯರು ಕಾಲಿಗೆ 36% ಅಂಗವೈಕಲ್ಯ ಅಂತ ಬರೆದರು, ಅಪಘಾತ ಪರಿಹಾರದ ಟ್ರಿಬ್ಯೂನಲ್ ಇಡೀ ದೇಹಕ್ಕೆ 12% ಅಂತ ಹಿಡಿಯಿತು. 2021ರಲ್ಲಿ 7,38,000 ಪರಿಹಾರ, ಮೇಲೆ ಬಡ್ಡಿ, ಅರ್ಧ ಎಫ್‌ಡಿಯಲ್ಲಿ. ದೂರು ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ, ರವಿ ಮತ್ತು ಬದರಿನಾರಾಯಣ್ ಕೇಸಲ್ಲಿ ಹೇಳಿದೆ. ಆದರೆ ಕ್ಲೇಮ್ ಹಾಕೋಕೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 6 ತಿಂಗಳ ಗಡುವು 2022ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಟೀಚರಮ್ಮ, ಬೇಜಾರು ಮಾಡ್ಕೋಬೇಡಿ, 15,000 ತಗೊಂಡಿದ್ದು ನೀವೇ ತಾನೆ.

ಬೊಮ್ಮನಹಳ್ಳಿ_ಟೀಚರ್: ರಸ್ತೆ ಮಧ್ಯೆ ಮೂಳೆ ಮುರಿದು ಬಿದ್ದವಳಿಗೆ ಕಾನೂನು ಪುಸ್ತಕ ನೆನಪಾಗತ್ತಾ ಸರ್? 11 ಸಲ ಠಾಣೆಗೆ ಹೋಗೋಕೆ ನಿಮಗೆ ಜನ ಇದ್ರು. ನಂಗೆ ಎರಡು ವರ್ಷದ ಮಗು ಇತ್ತು.

ವೈಟ್‌ಫೀಲ್ಡ್_ಕಾರು: ಇನ್ನೊಂದು ಕಡೆಯದನ್ನೂ ಕೇಳಿ. ಹೂಡಿ ಹತ್ರ ಬೈಕಿನವನು ಒನ್‌ವೇಯಲ್ಲಿ ಎದುರಿಗೆ ನುಗ್ಗಿ ಬಂದ. ತಪ್ಪು ಅವನದ್ದಾದರೂ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗಿ 22,000 ಕಟ್ಟಿದೆ. 19ನೇ ದಿನ ನನ್ನ ಮೇಲೇ ಎಫ್‌ಐಆರ್! ಕಾರು 9 ದಿನ ಠಾಣೆ ಮುಂದೆ ಬಿಸಿಲಲ್ಲಿ. ಟೋಯಿಂಗ್ 3,500, ಬಂಪರ್, ಹೆಡ್‌ಲೈಟ್ 41,000, 50% ನೋ ಕ್ಲೇಮ್ ಬೋನಸ್ ಕೈಬಿಟ್ಟುಹೋಯ್ತು. 14 ತಿಂಗಳು ಕೋರ್ಟು. ಹೀಗಾದರೆ ಯಾರು ತಾನೇ ಗಾಡಿ ನಿಲ್ಲಿಸ್ತಾರೆ?

ಮೇಯೋಹಾಲ್_ಮೆಟ್ಟಿಲು: ಅವತ್ತೇ ನೀವೇ ಠಾಣೆಗೆ ತಿಳಿಸಿದ್ದರೆ ಆ 19 ದಿನದ ಕಥೆಯೇ ಇರ್ತಿರಲಿಲ್ಲ. ಮೋಟಾರು ವಾಹನ ಕಾಯ್ದೆ 134ನೇ ಸೆಕ್ಷನ್ ಪ್ರಕಾರ ಅದು ಚಾಲಕನ ಕರ್ತವ್ಯ. 22,000 ಕಟ್ಟಿ ನೀವು ಕೊಂಡಿದ್ದು ಮೌನ.

ವೈಟ್‌ಫೀಲ್ಡ್_ಕಾರು: ರಕ್ತ ಸುರೀತಿದ್ದವನನ್ನ ಎತ್ಕೊಂಡು ಓಡಿದ್ದೀನಿ. ನಾಲಿಗೆ ಬಿಗಿಹಿಡಿದು ಮಾತಾಡಿ.

ರಾತ್ರಿಪಾಳಿ_ಸಿಸ್ಟರ್: 14 ವರ್ಷದಿಂದ ಎಮರ್ಜೆನ್ಸಿ ವಾರ್ಡಲ್ಲಿದೀನಿ. ಬಟ್ಟೆ ಮೇಲೆ ಟೈರಿನ ಗುರುತು ಇರತ್ತೆ, ಕಡೆಯವರು ‘ಮೆಟ್ಟಿಲಿಂದ ಬಿದ್ರು ಸಿಸ್ಟರ್’ ಅಂತಾರೆ. ಕೇಂದ್ರ ಸರ್ಕಾರದ 2022ರ ಲೆಕ್ಕ ನೋಡಿ: ಸತ್ತವರು 1,68,491, ಗಾಯಗೊಂಡವರು 4,43,366. ಒಂದು ಸಾವಿಗೆ ಮೂರು ಗಾಯವೂ ಇಲ್ಲ! ನಮ್ಮ ವಾರ್ಡಲ್ಲಿ ಒಂದು ರಾತ್ರಿ ನಿಂತರೆ ಗೊತ್ತಾಗತ್ತೆ ಅದು ಸಾಧ್ಯವೇ ಇಲ್ಲ ಅಂತ. ಹೆಣ ಮುಚ್ಚಿಡೋಕೆ ಆಗಲ್ಲ, ಮುರಿದ ಕೈ ಮುಚ್ಚಿಡಬಹುದು. ಯಾವ ಜಂಕ್ಷನ್ನಲ್ಲಿ ದಿನಾ ಜನ ಬೀಳ್ತಾರೆ ಅಂತ ಕಾಗದದಲ್ಲಿ ಇಲ್ಲದಿದ್ದರೆ ಅಲ್ಲಿ ಹಂಪು, ದೀಪ ಯಾಕೆ ಹಾಕ್ತಾರೆ? 2025ರ ಮೇಯಿಂದ ರಸ್ತೆ ಅಪಘಾತಕ್ಕೆ 7 ದಿನ, 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆಯೂ ಇದೆ. ‘ಜಾರಿ ಬಿದ್ದವರಿಗೆ’ ಅದು ಸಿಗಲ್ಲ.

ಕೆಂಗೇರಿ_ಅಣ್ಣ: ಎಫ್‌ಐಆರ್ ಆದರೆ ನ್ಯಾಯ ಅನ್ಕೊಂಡವರು ನನ್ನ ತಮ್ಮನ ಫೈಲ್ ನೋಡಬೇಕು. 2022, ಮಳೆ ರಾತ್ರಿ, ನೀರು ತುಂಬಿದ ಗುಂಡಿ. 27 ವರ್ಷ. ಎಫ್‌ಐಆರಲ್ಲಿ ಆರೋಪಿ ಯಾರು ಗೊತ್ತಾ? ಅವನೇ. ‘ಅಜಾಗರೂಕ ಚಾಲನೆ’. ಗುಂಡಿಯ ಸುದ್ದಿಯೇ ಇಲ್ಲ. ರಸ್ತೆ ಕೆಟ್ಟಿದ್ದಕ್ಕೆ ಗುತ್ತಿಗೆದಾರ, ಇಲಾಖೆಗೆ 1 ಲಕ್ಷದವರೆಗೆ ದಂಡ ಹಾಕಬಹುದು ಅಂತ 198ಎ ಸೆಕ್ಷನ್ ಇದೆ. ಠಾಣೆಯಲ್ಲಿ ಓದಿ ತೋರಿಸಿದೆ, ಬರ್ಕೊಳ್ಳಲಿಲ್ಲ. 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಗಾಡಿ ಓಡಿಸೋ ಮಾಲೀಕನಿಗೆ ಮಾತ್ರ. ಬೈಕು ಅಪ್ಪನ ಹೆಸರಲ್ಲಿತ್ತು.

ವೈಟ್‌ಫೀಲ್ಡ್_ಕಾರು: ಹೆಲ್ಮೆಟ್ ಇತ್ತಾ?

ಕೆಂಗೇರಿ_ಅಣ್ಣ: ಐಎಸ್‌ಐ ಗುರುತಿನ ಫುಲ್ ಹೆಲ್ಮೆಟ್. 2,300 ಕೊಟ್ಟು ನಾನೇ ಕೊಡಿಸಿದ್ದು, ಮನೆಯಲ್ಲಿದೆ, ಬಂದು ನೋಡಿ. ಸತ್ತವನ ತಪ್ಪು ಹುಡುಕೋದು ಇಲ್ಲಿಗೆ ನಿಲ್ಲಿಸಿ.

ಮೇಯೋಹಾಲ್_ಮೆಟ್ಟಿಲು: ಅಣ್ಣಾ, ನಿಮ್ಮ ನೋವು ದೊಡ್ಡದು. ಆದರೆ ಗುಂಡಿ ಕೇಸು ಬೇರೆ, ಇದಕ್ಕೆ ಅದನ್ನ ಬೆರೆಸಬೇಡಿ.

ರಾತ್ರಿಪಾಳಿ_ಸಿಸ್ಟರ್: ಬೇರೆ ಹೇಗಾಗತ್ತೆ ಸರ್? ಇಬ್ಬರೂ ಅದೇ ಸ್ಟ್ರೆಚರ್ ಮೇಲೇ ಬರೋದು.

ಬೊಮ್ಮನಹಳ್ಳಿ_ಟೀಚರ್: ಅವರಿಗೆ ಅವರ 7,38,000 ಬಿಟ್ಟು ಬೇರೆ ಯಾವುದೂ ಕೇಸಲ್ಲ ಸಿಸ್ಟರ್.

ನಾಗರಬಾವಿ_ಮಗ: ದಯವಿಟ್ಟು ಜಗಳ ಬೇಡ. ಇವತ್ತಿಗೆ 6 ದಿನ, ಮಾವನ ಜೊತೆ ಠಾಣೆಗೆ ಹೊರಟಿದೀನಿ. ‘ಜಾರಿ ಬಿದ್ರು’ ಅಂತ ನಾನೇ ಬರೆಸಿದ್ದು, ಅದನ್ನೂ ಹೇಳ್ತೀನಿ. ಸ್ಕೂಟರ್ ರಿಪೇರಿಗೆ ಬಿಡಬಹುದಾ?

ಮೇಯೋಹಾಲ್_ಮೆಟ್ಟಿಲು: ಮುಟ್ಟಬೇಡಿ. ತೊಳೆಯೋದೂ ಬೇಡ. ಹಿಂದಿನ ಮಡ್‌ಗಾರ್ಡಲ್ಲಿ ಕಾರಿನ ಬಣ್ಣ ಅಂಟಿದ್ದರೆ ಈಗಲೇ ಹಗಲು ಬೆಳಕಲ್ಲಿ ಫೋಟೋ ತೆಗೀರಿ.