ಬೇಡ್ತಿ–ವರದಾ ಜೋಡಣೆಗೆ ಊರಲ್ಲಿ ಬೆಂಬಲ ಕೂಡಿಸೋದು ಹೇಗೆ?

ವರದಾ ದಂಡೆ (ಸವಣೂರು): ನಮಸ್ಕಾರ್ರೀ. ನಮ್ಮೂರು ವರದಾ ದಂಡೆ ಮೇಲೇ ಇದೆ. ಮಳೆಗಾಲದಲ್ಲಿ ಹೊಳೆ ಹೊಲಕ್ಕೆ ನುಗ್ಗುತ್ತೆ, ಬೇಸಿಗೆ ಬಂತಂದ್ರೆ ಬರೀ ಉಸುಕು, ಪಂಪ್‌ಸೆಟ್ಟಿನ ಪೈಪು ಅದರ ಮೇಲೆ ಬಾಯಿ ಬಿಟ್ಕೊಂಡು ಬಿದ್ದಿರುತ್ತೆ. ಶಿರಸಿ ಕಡೆ ಬೇಡ್ತಿ ನದಿಗೆ ಸೇರೋ ಹಳ್ಳಗಳಿಗೆ ಅಣೆಕಟ್ಟು ಕಟ್ಟಿ ನೀರನ್ನ ವರದೆಗೆ ತಿರುಗಿಸೋ ಯೋಜನೆ ಆಗಲಿ ಅಂತ ನಾವು ನಾಲ್ಕು ಜನ ಓಡಾಡ್ತಿದ್ದೇವೆ. ಮುಖಂಡರು ಕರೆದರೆ ಟ್ರ್ಯಾಕ್ಟರ್ ತುಂಬಿ ಜನ ಬರ್ತಾರೆ. ಭಾಷಣ ಮುಗಿದ ಮೇಲೆ ಕೇಳೋರೇ ಇಲ್ಲ. ಏನು ಮಾಡಬೇಕು?

ಉಣಕಲ್ ಹುಡುಗ: ಅಣ್ಣಾ, ಮೊದಲು ಯೋಜನೆ ವರದಿ ಓದಿ. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಹಳೆ ವರದಿಯಲ್ಲಿ ಈ ನೀರು ವರದೆ ಮೂಲಕ ತುಂಗಭದ್ರೆಗೆ ಸೇರಿ ರಾಯಚೂರು ಕಡೆ ನೀರಾವರಿಗೆ ಅಂತ ಇತ್ತು. ಅಂದ್ರೆ ನಿಮ್ಮೂರ ಮುಂದೆ ಹರಿದು ಹೋಗುತ್ತೆ ಅಷ್ಟೇ. ಈಗ ಹಾವೇರಿ, ಗದಗ ಹೆಸರೂ ಕೇಳಿ ಬರ್ತಿದೆ ನಿಜ. ಆದ್ರೆ ಯಾವ ಕೆರೆಗೆ ಎಷ್ಟು, ಕುಡಿಯೋಕೆ ಎಷ್ಟು ಅನ್ನೋದು ಕಾಗದದ ಮೇಲೆ ಬರೋವರೆಗೂ "ನಮ್ಮ ನೀರು" ಅಂತ ಕೂಗಿ ಏನು ಬಂತು? ದಂಡೆ ಮೇಲಿನ ಪಂಚಾಯ್ತಿಗಳ ಗ್ರಾಮಸಭೆಯಲ್ಲಿ ಇದನ್ನೇ ಠರಾವು ಮಾಡಿಸಿ. ಟ್ರ್ಯಾಕ್ಟರ್ ಜನಕ್ಕಿಂತ ಅದು ಗಟ್ಟಿ.

ನರಗುಂದದವ: ಮಹದಾಯಿ ಹೊಳೆ ನೀರನ್ನ ಮಲಪ್ರಭೆಗೆ ತಿರುಗಿಸೋ ನಮ್ಮ ಹೋರಾಟ ನೋಡ್ರಿ. 2015ರಲ್ಲಿ ಇಲ್ಲಿ ಧರಣಿ ಕೂತ್ರು. 2018ರಲ್ಲಿ ನ್ಯಾಯಮಂಡಳಿ ತೀರ್ಪು ಬಂತು, ಮಲಪ್ರಭೆಗೆ ತಿರುಗಿಸಲಿಕ್ಕೆ ಸಿಕ್ಕಿದ್ದು 3.9 ಟಿಎಂಸಿ. 2020ರಲ್ಲಿ ಗೆಜೆಟ್ ಆಯ್ತು, ಆಗಲೂ ಪಟಾಕಿ ಹೊಡೆದ್ರು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಡಿಪಿಆರ್ (ವಿವರವಾದ ಯೋಜನಾ ವರದಿ) ಒಪ್ಪಿತು, ಮತ್ತೆ ಪಟಾಕಿ. ಆಮೇಲೆ ಅರಣ್ಯ, ವನ್ಯಜೀವಿ ಅನುಮತಿ ಅಂತ ಸಿಕ್ಕೊಂಡಿತು. ನಿಮ್ಮದಕ್ಕೂ ಕಾಡು ದಾಟಲೇಬೇಕು. ಫೈಲು ಎಲ್ಲಿದೆ ಅಂತ ಹಿಂದೆ ಬೀಳೋಕೆ ಒಬ್ಬರನ್ನ ಬಿಡಿ, ಮೈಕು ಹಿಡಿಯೋರು ಹೇಗೂ ಜಾಸ್ತಿ ಇರ್ತಾರೆ.

ತವರು ಶಿರಸಿ: ನಾನು ಹಾನಗಲ್ ಸೊಸೆ, ಎರಡೂ ಕಡೆ ಬೈಸ್ಕೊಳ್ತೀನಿ. ಶಿರಸಿಯವರು ನೀರು ಕೊಡದ ಜನ ಅಂತ ವಾಟ್ಸಾಪಿನಲ್ಲಿ ಸುಮ್ನೆ ಬರೀಬೇಡಿ. ಬೇಡ್ತಿ ವಿದ್ಯುತ್ ಯೋಜನೆಗೆ ತೋಟ, ಕಾಡು ಮುಳುಗುತ್ತೆ ಅಂತ 1980ರ ಆಸುಪಾಸಿನಲ್ಲೇ ಹೋರಾಡಿ ನಿಲ್ಲಿಸಿದ ಊರು ಅದು. ಇದೇ ಬೇಡ್ತಿ ಕೆಳಗೆ ಗಂಗಾವಳಿಯಾಗಿ ಹರಿಯುತ್ತೆ, ಅಲ್ಲೂ ಅದನ್ನ ನಂಬಿದ ಜನ ಇದ್ದಾರೆ. ನೀರು ತಾನಾಗೇ ಇಳಿದು ಬರಲ್ಲ, ಪಂಪಿನಿಂದ ಎತ್ತಬೇಕು. ಕರೆಂಟು ಬಿಲ್ ಯಾರು ಕಟ್ತಾರೆ ಅಂತ ಅವರು ಕೇಳ್ತಾರೆ, ನಿಮ್ಮ ಕೆರೆಗಳ ಹೂಳು ತೆಗೆದ್ರಾ ಅಂತಲೂ ಕೇಳ್ತಾರೆ. ಉತ್ತರ ಇಟ್ಕೊಂಡು ಒಂದ್ಸಲ ಅಲ್ಲಿಗೇ ಹೋಗಿ ಮಾತಾಡಿ.

ವರದಾ ದಂಡೆ (ಸವಣೂರು): ಅಕ್ಕಾರ, ಹೂಳಿನ ಮಾತಿಗೆ ನಮ್ಮ ಹತ್ರ ಉತ್ತರ ಇಲ್ಲ, ನಮ್ಮ ಕೆರೆ ಅಂಗಳದಲ್ಲಿ ಈಗ ಜಾಲಿ ಬೆಳೆದಿದೆ. ಆದ್ರೆ ರಾಯಚೂರಿನ ವಿಷಯ ಊರಲ್ಲಿ ಹೇಳಿದ್ರೆ ಇರೋ ಜನಾನೂ ಮನೆಗೆ ಹೋಗ್ತಾರಲ್ರೀ?

ಉಣಕಲ್ ಹುಡುಗ: ನೀವೇ ಹೇಳಿ. ಎದುರು ಪಾರ್ಟಿಯವರು ಹೇಳಿದ ಮೇಲೆ ಹೋದ ಜನ ವಾಪಸ್ ಬರಲ್ಲ.