ಸ್ಪ್ಲಿಟ್ ಕೀಬೋರ್ಡ್, ಕ್ಯೂಎಂಕೆ: ಎಡಗಡೆ ಒತ್ತಿದರೆ ಬೆಳಕಿನ ಅಲೆ ಬಲಗಡೆಗೆ ದಾಟುತ್ತಿಲ್ಲ

ಪ್ರಶ್ನೆ:
ನನ್ನದು ಎಡ-ಬಲ ಎರಡು ತುಂಡಾಗಿರುವ ಸ್ಪ್ಲಿಟ್ ಕೀಬೋರ್ಡ್, ಅದರ ಚಿಪ್‌ನಲ್ಲಿ ಓಡುವ ತಂತ್ರಾಂಶ ಕ್ಯೂಎಂಕೆ. ಅದರ ಆರ್‌ಜಿಬಿ ಮ್ಯಾಟ್ರಿಕ್ಸ್‌ನ (ಕೀಗಳ ಕೆಳಗಿನ ಬಣ್ಣದ ದೀಪಗಳನ್ನು ನಡೆಸುವ ಭಾಗ) ಸ್ಪ್ಲ್ಯಾಶ್ ಎಫೆಕ್ಟ್ ಹಾಕಿದ್ದೇನೆ: ಒತ್ತಿದ ಕೀಯಿಂದ ಬೆಳಕಿನ ಅಲೆ ಏಳುತ್ತದೆ. ಬಲಭಾಗದ ಕೀ ಒತ್ತಿದರೆ ಅಲೆ ಎರಡೂ ಭಾಗಗಳಲ್ಲಿ ಹರಡುತ್ತದೆ. ಎಡಭಾಗದ ಕೀ ಒತ್ತಿದರೆ ಎಡಭಾಗದಲ್ಲೇ ನಿಂತುಬಿಡುತ್ತದೆ. ಯುಎಸ್‌ಬಿ ಕೇಬಲ್ ಎಡಭಾಗಕ್ಕಿದೆ. ಟೈಪಿಂಗ್‌ಗೆ ಏನೂ ತೊಂದರೆಯಿಲ್ಲ, ತಾನಾಗಿ ಓಡುವ ಎಫೆಕ್ಟ್‌ಗಳೂ ಸರಿಯಾಗಿವೆ. ನಡುವಿನ ಕೇಬಲ್ ಬದಲಿಸಿದರೂ ಹಾಗೆಯೇ. ಬೆಸುಗೆ ಬಿಚ್ಚಿ ನೋಡಬೇಕೇ?

ಉತ್ತರ:
ಬೆಸುಗೆಯ ತಂಟೆಗೆ ಹೋಗಬೇಡಿ. ಒಂದೇ ದಿಕ್ಕಿನಲ್ಲಿ ಅಲೆ ನಿಲ್ಲುತ್ತಿದೆ ಎಂದಿರಲ್ಲ, ಕಾರಣ ಅಲ್ಲೇ ಇದೆ. ಯುಎಸ್‌ಬಿ ಇರುವ ಭಾಗ ಮಾಸ್ಟರ್. ಕಂಪ್ಯೂಟರ್‌ಗೆ ಅಕ್ಷರ ಕಳಿಸುವುದು ಅದೇ ಆದ್ದರಿಂದ ಬಲಗಡೆ ಯಾವ ಕೀ ಒತ್ತಿದರು ಎಂಬುದು ಅದಕ್ಕೆ ಗೊತ್ತಾಗಲೇಬೇಕು. ಎಡಗಡೆ ನಡೆದದ್ದನ್ನು ಬಲಭಾಗಕ್ಕೆ ಹೇಳುವ ಅಗತ್ಯ ಟೈಪಿಂಗ್‌ಗೆ ಇಲ್ಲ, ಹಾಗಾಗಿ ಕ್ಯೂಎಂಕೆ ತಾನಾಗಿ ಹೇಳುವುದಿಲ್ಲ. ಪ್ರತಿ ಭಾಗವೂ ತನ್ನ ದೀಪಗಳ ಲೆಕ್ಕವನ್ನು ತಾನೇ ಹಾಕುತ್ತದೆ. ಒತ್ತಿದ್ದೇ ತಿಳಿಯದ ಭಾಗ ಅಲೆ ಎಬ್ಬಿಸುವುದಾದರೂ ಹೇಗೆ?

ಕೀಮ್ಯಾಪ್‌ನ (ಯಾವ ಕೀ ಏನು ಮಾಡಬೇಕೆಂಬ ನಿಮ್ಮ ಹೊಂದಿಕೆ) ಕಾನ್ಫಿಗ್ ಡಾಟ್ ಎಚ್ ಕಡತದಲ್ಲಿ ಸ್ಪ್ಲಿಟ್ ಟ್ರಾನ್ಸ್‌ಪೋರ್ಟ್ ಮಿರರ್ ಎಂಬುದನ್ನು ಡಿಫೈನ್ ಮಾಡಿ (ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್). ಆಮೇಲೆ ಎರಡೂ ಭಾಗಗಳಿಗೆ ಫ್ಲ್ಯಾಶ್ ಮಾಡಿ, ಅಂದರೆ ಹೊಸ ತಂತ್ರಾಂಶವನ್ನು ಚಿಪ್‌ಗೆ ತುಂಬಿ. ಮಾಸ್ಟರ್‌ಗೆ ಮಾತ್ರ ಮಾಡಿ “ಕೆಲಸ ಮಾಡಲಿಲ್ಲ” ಎಂದು ಬರೆಯುವವರೇ ಹೆಚ್ಚು.

ಪ್ರಶ್ನೆ ಕೇಳಿದವರು:
ಈಗ ಅಲೆ ಎರಡೂ ಕಡೆ ದಾಟುತ್ತಿದೆ, ಧನ್ಯವಾದ. ಆದರೆ ಬಲ ಹೆಬ್ಬೆರಳಿನ ಒಂದು ಕೀ ಒತ್ತಿದರೆ ಅಲೆ ಆ ಕೀಯಿಂದ ಏಳದೆ ಎರಡು ಭಾಗಗಳ ನಡುವಿನಿಂದ ಎದ್ದಂತೆ ಕಾಣುತ್ತದೆ.

ಉತ್ತರ:
ಇದು ಬೇರೆಯೇ ದೋಷ. ಒತ್ತಿದ ಕೀಯ ದೀಪವನ್ನಷ್ಟೇ ಹೊತ್ತಿಸುವ ಸಾಲಿಡ್ ರಿಯಾಕ್ಟಿವ್ ಸಿಂಪಲ್ ಎಫೆಕ್ಟ್‌ಗೆ ಬದಲಿಸಿ ಅದೇ ಕೀ ಒತ್ತಿ ನೋಡಿ. ಬೇರೆ ಕೀಯ ದೀಪ ಹೊತ್ತಿದರೆ, ಯಾವ ಸ್ವಿಚ್‌ಗೆ ಯಾವ ಎಲ್‌ಇಡಿ ಎಂಬ ಪಟ್ಟಿ ತಪ್ಪಿದೆ. ಅದೇ ಕೀಯ ದೀಪ ಹೊತ್ತಿದರೆ ಪಟ್ಟಿ ಸರಿ, ಸ್ಥಾನದ ಅಂಕಿ ತಪ್ಪು. ಸ್ಥಾನಗಳು ಅಡ್ಡಲಾಗಿ 0ರಿಂದ 224, ಉದ್ದಕ್ಕೆ 0ರಿಂದ 64. ನಟ್ಟನಡುವೆ ಎಂದರೆ 112, 32. ಅದೇ ಅಂಕಿ ಆ ಕೀಯ ಸ್ಥಾನದಲ್ಲಿ ಕುಳಿತಿದೆಯೇ ನೋಡಿ.

ಇನ್ನೊಬ್ಬರು:
ನಿಮ್ಮದು ಎಟಿಮೆಗಾ 32ಯು4 ಚಿಪ್ ಆಗಿದ್ದರೆ ಬಳಸದ ಎಫೆಕ್ಟ್‌ಗಳನ್ನೆಲ್ಲ ತೆಗೆದುಬಿಡಿ. ಬೂಟ್‌ಲೋಡರ್‌ಗೆ (ಹೊಸ ತಂತ್ರಾಂಶ ತುಂಬಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) 4 ಕೆಬಿ ಬಿಟ್ಟರೆ ಉಳಿಯುವುದು 28,672 ಬೈಟ್ ಮಾತ್ರ. ಮಲ್ಟಿಸ್ಪ್ಲ್ಯಾಶ್ ಎಫೆಕ್ಟ್ ಕಡೆಗೆ ಮನಸ್ಸು ಹೋಗದಿರಲಿ: ಕೊನೆಯ 8 ಒತ್ತುಗಳನ್ನು ನೆನಪಿಟ್ಟುಕೊಂಡು ಪ್ರತಿ ದೀಪಕ್ಕೂ ದೂರ ಅಳೆಯುತ್ತದೆ. ಅಷ್ಟು ಪುಟ್ಟ ಚಿಪ್‌ಗೆ ಅದು ಹೊರೆಯೇ.

ಪ್ರಶ್ನೆ ಕೇಳಿದವರು:
ಅದೇ ಕೀಯ ದೀಪ ಹೊತ್ತಿತು. ಕೀಬೋರ್ಡ್ ಡಾಟ್ ಜೇಸನ್ ಕಡತದಲ್ಲಿ 112, 32 ಎಂದೇ ಇತ್ತು, ತಿದ್ದಿದೆ, ಸರಿಹೋಯಿತು. ಒಂದೇ ಅನುಮಾನ: ಬೇರೆ ಡೀಫಾಲ್ಟ್ ಎಫೆಕ್ಟ್ ಬರೆದು ಫ್ಲ್ಯಾಶ್ ಮಾಡಿದರೂ ಹಳೆಯದೇ ಬರುತ್ತಿದೆ.

ಉತ್ತರ:
ಕೊನೆಗೆ ಆರಿಸಿದ ಎಫೆಕ್ಟ್ ಇಇಪ್ರಾಮ್‌ನಲ್ಲಿ (ವಿದ್ಯುತ್ ಹೋದರೂ ಅಳಿಯದ ಮೆಮೊರಿ) ಉಳಿದಿರುತ್ತದೆ, ಡೀಫಾಲ್ಟ್‌ಗಿಂತ ಅದಕ್ಕೇ ಮಾನ್ಯತೆ. ಇಇಪ್ರಾಮ್ ಅಳಿಸುವ ಕೀಕೋಡ್ ಅನ್ನು ಕೀಮ್ಯಾಪ್‌ನ ಒಂದು ಲೇಯರ್‌ನಲ್ಲಿ (ಪದರದಲ್ಲಿ) ಒಂದು ಕೀಗೆ ಇಟ್ಟು ಒತ್ತಿ. ಯಾವ ಭಾಗ ಎಡ, ಯಾವುದು ಬಲ ಎಂಬ ಗುರುತನ್ನೂ ಇಇಪ್ರಾಮ್‌ನಲ್ಲೇ ಇಟ್ಟಿದ್ದರೆ, ಅಳಿಸಿದ ಮೇಲೆ ಅದು ಸರಿಯಾಗಿದೆಯೇ ಎಂದು ಪರೀಕ್ಷಿಸಿ.