ಮ್ಯಾರಥಾನ್ ನಡುವೆ ಓಡಿದ ಅತಿ ವೇಗದ ಮೈಲಿ ಯಾರದು?

ಮಂಡ್ಯ ಓಟಗಾರ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ದೊಡ್ಡ ಮ್ಯಾರಥಾನ್‌ಗಳ ನೇರ ಪ್ರಸಾರದಲ್ಲಿ ಪ್ರತಿ ಮೈಲಿಗೂ ಟೈಮ್ ಹೇಳ್ತಾ ಇರ್ತಾರೆ. ಒಂದು ಮೈಲಿ 4:45 ಇದ್ದರೆ, ಮುಂದಿನದು ಇದ್ದಕ್ಕಿದ್ದಂತೆ 4:30ಕ್ಕೆ ಇಳಿದಿರುತ್ತೆ. 42 ಕಿ.ಮೀ. ಓಟದ ಮಧ್ಯೆ ಇಷ್ಟು ಜೋರಾಗಿ ಓಡೋದು ಹೇಗೆ? ಇದುವರೆಗಿನ ಅತಿ ವೇಗದ ಮೈಲಿ ಯಾವುದು? ನಮ್ಮ ಓಟದ ಗುಂಪಿನಲ್ಲಿ ಒಬ್ಬರು ಬಾಸ್ಟನ್ ಅಂತಾರೆ, ಇನ್ನೊಬ್ಬರು ನ್ಯೂಯಾರ್ಕ್ ಅಂತಾರೆ. ತಿಳಿದವರು ಹೇಳಿ.

ಪಿಟಿ ಮೇಷ್ಟ್ರು, ಹಾಸನ:

ಇದಕ್ಕೆ ಅಧಿಕೃತ ದಾಖಲೆ ಅಂತ ಇಲ್ಲ. ಮ್ಯಾರಥಾನ್‌ನಲ್ಲಿ ಟೈಮಿಂಗ್ ಮ್ಯಾಟ್ (ಓಟಗಾರ ದಾಟಿದ ಸಮಯ ದಾಖಲಿಸುವ ಚಾಪೆ) ಹಾಸೋದು ಸಾಮಾನ್ಯವಾಗಿ 5 ಕಿ.ಮೀ.ಗೆ ಒಂದರಂತೆ. ಆ ಟೈಮನ್ನು ನಂಬಬಹುದು. ಮೈಲಿ ಟೈಮ್‌ನಲ್ಲಿ ಹೆಚ್ಚುಕಡಿಮೆ ಇರುತ್ತೆ. ಈ ವೇಗದಲ್ಲಿ ಓಡುವವರು ಸೆಕೆಂಡಿಗೆ 6 ಮೀಟರ್ ದಾಟುತ್ತಾರೆ. ಮೈಲಿ ಬೋರ್ಡ್ 10 ಮೀಟರ್ ಆಚೀಚೆ ನಿಂತಿದ್ದರೂ ಒಂದೂವರೆ ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಬಂತು.

ಬಾಸ್ಟನ್ ವಿಷಯ. ಹಾಪ್ಕಿಂಟನ್‌ನಿಂದ ಹೊರಟ ಮೊದಲ ಮೈಲಿಯಲ್ಲೇ ರಸ್ತೆ ಸುಮಾರು 40 ಮೀಟರ್ ಇಳಿಯುತ್ತೆ. ಇಡೀ ಓಟದಲ್ಲಿ ಸುಮಾರು 140 ಮೀಟರ್ ಇಳಿಜಾರು. ವಿಶ್ವದಾಖಲೆಗೆ ಕಿ.ಮೀ.ಗೆ 1 ಮೀಟರ್, ಅಂದರೆ ಒಟ್ಟು 42 ಮೀಟರ್ ಇಳಿಯೋಕೆ ಮಾತ್ರ ಅವಕಾಶ. ಅದಕ್ಕೇ 2011ರಲ್ಲಿ ಜೆಫ್ರಿ ಮುಟಾಯ್ ಅಲ್ಲಿ 2:03:02ಕ್ಕೆ ಗೆದ್ದರೂ ಅದು ವಿಶ್ವದಾಖಲೆ ಆಗಲಿಲ್ಲ. ಅವತ್ತು ಹಿಂದಿನಿಂದ ಗಾಳಿ ಬೇರೆ ತಳ್ಳುತ್ತಿತ್ತು. ಇಳಿಜಾರಿನಲ್ಲಿ ಓಡಿದ ಒಂದು ಮೈಲಿಯನ್ನು ಅತಿ ವೇಗದ್ದು ಅಂತ ಕರೆಯೋಕೆ ನನ್ನ ಮನಸ್ಸು ಒಪ್ಪಲ್ಲ. ಮೊದಲ ಮೈಲಿಯಂತೂ ಲೆಕ್ಕಕ್ಕೇ ಬೇಡ. ಆಗ ಯಾರ ಕಾಲೂ ದಣಿದಿರಲ್ಲ.

ನನ್ನನ್ನು ಕೇಳಿದರೆ 30 ಕಿ.ಮೀ. ಆದಮೇಲೆ ಸಮತಟ್ಟು ರಸ್ತೆಯಲ್ಲಿ ಓಡಿದ್ದು ನಿಜವಾದ ವೇಗದ ಮೈಲಿ. ಹಾಗೆ ನೋಡಿದರೆ ನನ್ನ ಕಣ್ಣ ಮುಂದೆ ಬರೋದು ಕೆನ್ಯಾದ ಕೆಲ್ವಿನ್ ಕಿಪ್ಟಮ್. 2023ರ ಲಂಡನ್‌ನಲ್ಲಿ ಅವನು 30ರಿಂದ 35 ಕಿ.ಮೀ. ನಡುವಿನ ಐದು ಕಿ.ಮೀ.ಯನ್ನು 13:49ಕ್ಕೆ ಓಡಿದ. ಮೈಲಿಗೆ ಲೆಕ್ಕ ಹಾಕಿದರೆ ಸುಮಾರು 4:27. ಒಂದು ಮೈಲಿ ಹಾಗೆ ಓಡಿ ನಿಧಾನ ಮಾಡಿದ್ದಲ್ಲ, ಒಂದರ ಹಿಂದೆ ಒಂದು ಮೂರು ಮೈಲಿ! ಮೊದಲ ಅರ್ಧ 61:40, ಎರಡನೇ ಅರ್ಧ 59:45. ಒಟ್ಟು 2:01:25.

4:27 ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ಸುತ್ತಿಗೆ 66 ಸೆಕೆಂಡು. ತಾಲ್ಲೂಕು ಕ್ರೀಡಾಕೂಟದಲ್ಲಿ ಸುಣ್ಣದ ಗೆರೆ ಹಾಕಿದ ಮಣ್ಣಿನ ಟ್ರ್ಯಾಕ್ ಮೇಲೆ ಒಂದೇ ಒಂದು ಸುತ್ತನ್ನು 66ಕ್ಕೆ ಮುಗಿಸುವ ಹುಡುಗರಿಗೆ ನಾನು ವಾಚ್ ಹಿಡಿದವನು. ಗೆರೆ ದಾಟಿದ ಕೂಡಲೇ ಮೊಣಕಾಲಿಗೆ ಕೈ ಕೊಟ್ಟು ಬಗ್ಗಿ ನಿಲ್ಲುತ್ತಾರೆ. ಬಾಯಿಂದ ಮಾತು ಹೊರಡಲ್ಲ. ಕಿಪ್ಟಮ್ 30 ಕಿ.ಮೀ. ಓಡಿ, ಆಮೇಲೆ ಅಂಥ ಹನ್ನೆರಡೂವರೆ ಸುತ್ತು ಓಡಿದ. ಆಮೇಲೂ ಇನ್ನೂ 7 ಕಿ.ಮೀ. ಬಾಕಿ ಇತ್ತು.

ನ್ಯೂಜೆರ್ಸಿ ಕನ್ನಡತಿ:

ಮೇಷ್ಟ್ರೇ, ಚೆನ್ನಾಗಿ ಹೇಳಿದ್ರಿ. ನ್ಯೂಯಾರ್ಕ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ಅಲ್ಲಿ ಮೊದಲ ಮೈಲಿ ವೆರಾಜಾನೊ ಸೇತುವೆಯ ಏರು, ಎರಡನೆಯದು ಅದೇ ಸೇತುವೆಯ ಇಳಿಜಾರು. ಹಾಗಾಗಿ ಎರಡನೇ ಮೈಲಿ ಟೈಮ್ ನೋಡಿ ಮೋಸ ಹೋಗಬೇಡಿ. ನಿಜವಾದ ಮಜಾ ಇರೋದು 16ನೇ ಮೈಲಿ ಆದಮೇಲೆ. ಕ್ವೀನ್ಸ್‌ಬರೊ ಸೇತುವೆಯ ಮೇಲೆ ಜನ ಇರಲ್ಲ, ಓಟಗಾರರ ಶೂ ಸದ್ದು ಮಾತ್ರ. ಅಲ್ಲಿಂದ ಇಳಿದು ತಿರುಗಿ ಫಸ್ಟ್ ಅವೆನ್ಯೂಗೆ ಬಂದರೆ ಎರಡೂ ಕಡೆ ಕಿಕ್ಕಿರಿದ ಜನ, ಕಿವಿ ಗಡಚಿಕ್ಕುವ ಕೂಗು. ರಸ್ತೆ ಅಗಲ, ಕಣ್ಣಿಗೆ ಕಾಣುವಷ್ಟು ದೂರವೂ ನೇರ. ಎಷ್ಟೋ ವರ್ಷ ಗುಂಪು ಒಡೆಯೋದು ಅಲ್ಲೇ. ನಾನು ನವೆಂಬರ್ ಚಳಿಯಲ್ಲಿ ಅಲ್ಲಿ ನಿಂತು ನೋಡಿದ್ದೀನಿ. ಮುಂದಿನ ಗುಂಪು ಬಂತು ಅನ್ನೋಷ್ಟರಲ್ಲಿ ಬೆನ್ನು ಕಾಣ್ತಿರುತ್ತೆ. ಟಿವಿಯಲ್ಲಿ ಆ ವೇಗ ಗೊತ್ತೇ ಆಗಲ್ಲ, ಯಾಕಂದ್ರೆ ಕ್ಯಾಮೆರಾನೂ ಜೊತೆಗೇ ಓಡ್ತಿರುತ್ತಲ್ವಾ.

2007ರಿಂದ ನ್ಯೂಯಾರ್ಕಲ್ಲಿ ಪೇಸರ್‌ಗಳಿಲ್ಲ, ಅಂದ್ರೆ ಒಂದೇ ವೇಗ ಹಿಡಿದು ಮುಂದೆ ಓಡಿಕೊಡುವವರಿಲ್ಲ. ಬಾಸ್ಟನ್‌ನಲ್ಲೂ ಇಲ್ಲ. ಒಬ್ಬರನ್ನೊಬ್ಬರು ನೋಡ್ತಾ ನಿಧಾನ ಓಡ್ತಾರೆ, ಆಮೇಲೆ ಯಾರೋ ಒಬ್ಬ ಎಗರ್ತಾನೆ. ಮೈಲಿ ಟೈಮ್ ಏಕ್ದಂ ಇಳಿಯೋದು ಅದಕ್ಕೇ.

ಮಂಡ್ಯ ಓಟಗಾರ:

ತುಂಬಾ ಥ್ಯಾಂಕ್ಸ್ ಅಕ್ಕ, ಮೇಷ್ಟ್ರೇ. ಹಾಗಾದರೆ ವಿಶ್ವದಾಖಲೆ ಮಾಡಬೇಕಂದ್ರೆ ಹೀಗೆ ಎಗರೋದು ಒಳ್ಳೇದಾ, ಒಂದೇ ಸಮ ಓಡೋದು ಒಳ್ಳೇದಾ?

ಪಿಟಿ ಮೇಷ್ಟ್ರು, ಹಾಸನ:

ಒಂದೇ ಸಮ ಓಡೋದಕ್ಕೆ ಎಲಿಯುಡ್ ಕಿಪ್ಚೋಗೆಯ ವಿಯೆನ್ನಾ ಓಟ ನೋಡಿ. 2019ರ ಅಕ್ಟೋಬರ್ 12, 1:59:40. ಪೇಸರ್‌ಗಳು ಸರದಿ ಮೇಲೆ ಬದಲಾಗ್ತಿದ್ದರು, ಎಷ್ಟು ವೇಗ ಬೇಕು ಅಂತ ತೋರಿಸೋಕೆ ಮುಂದೆ ರಸ್ತೆ ಮೇಲೆ ಲೇಸರ್ ಗೆರೆ. ಹಾಗಾಗಿ ಅದನ್ನು ದಾಖಲೆಗೆ ಸೇರಿಸಲಿಲ್ಲ. ಪ್ರತಿ ಕಿ.ಮೀ. 2:48ರಿಂದ 2:52ರ ಒಳಗೇ ಇತ್ತು. ಅಲ್ಲಿ ವೇಗದ ಮೈಲಿ ಅಂತ ಹುಡುಕಿದರೆ ಏನೂ ಸಿಗಲ್ಲ. ಅದೇ ಅದರ ಚೆಂದ.

ಕಿಪ್ಟಮ್ ದಾರಿ ಬೇರೆ. 2023ರ ಅಕ್ಟೋಬರ್‌ನಲ್ಲಿ ಚಿಕಾಗೋದಲ್ಲಿ ಅರ್ಧ ದಾರಿ 60:48ಕ್ಕೆ ಮುಗಿಸಿದ. ಡೇನಿಯಲ್ ಮಟೈಕೊ ಜೊತೆಗಿದ್ದ. 30 ಕಿ.ಮೀ. ಆದಮೇಲೆ ಅವನನ್ನು ಹಿಂದೆ ಬಿಟ್ಟು ಒಬ್ಬನೇ ಹೊರಟ. ಮುಂದಿನ ಐದು ಕಿ.ಮೀ. 13:51, ಅದರ ಮುಂದಿನದು 14:01. 2:00:35, ಆಗಿನ ವಿಶ್ವದಾಖಲೆ! ಮೈಲಿಗೆ ಸರಾಸರಿ 4:36. ಇದಕ್ಕೆ ಮಂತ್ರ ಏನೂ ಇಲ್ಲ. ಅವನ ಕೋಚ್ ಹೇಳಿದಂತೆ ವಾರಕ್ಕೆ 250ರಿಂದ 280 ಕಿ.ಮೀ. ಓಟ, ಒಮ್ಮೊಮ್ಮೆ 300 ದಾಟುತ್ತಿತ್ತು. ಅಷ್ಟು ಓಡಿದ ಕಾಲು 35ನೇ ಕಿ.ಮೀ.ಯಲ್ಲೂ ಕೈಬಿಡಲಿಲ್ಲ.

2024ರ ಫೆಬ್ರವರಿ 11ರಂದು ಕಾರು ಅಪಘಾತದಲ್ಲಿ ಅವನೂ ಕೋಚ್ ಗೆರ್ವೈಸ್ ಹಕಿಜಿಮಾನಾ ಅವರೂ ತೀರಿಕೊಂಡರು. ಅವನಿಗಿನ್ನೂ 24 ವರ್ಷ. ಓಡಿದ್ದು ಮೂರೇ ಮ್ಯಾರಥಾನ್, ಮೂರನ್ನೂ ಗೆದ್ದ. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಗ್ರೌಂಡಿಗೆ ಬರುವ ಮಕ್ಕಳಿಗೆ ಈಗಲೂ ಅವನ ಚಿಕಾಗೋ ಟೈಮ್‌ಗಳನ್ನೇ ಬೋರ್ಡ್ ಮೇಲೆ ಬರೆದು ತೋರಿಸ್ತೀನಿ.

ಜಯನಗರ ಮುಂಜಾನೆ:

ಮೇಷ್ಟ್ರೇ, ನನ್ನ ಜಿಪಿಎಸ್ ವಾಚ್ ಮೈಲಿ ಟೈಮ್ ಕೊಡುತ್ತಲ್ಲ, ಈ ಓಟಗಾರರ ವಾಚ್ ನೋಡಿದರೆ ಸರಿಯಾದ ಉತ್ತರ ಸಿಗಲ್ವಾ?

ಪಿಟಿ ಮೇಷ್ಟ್ರು, ಹಾಸನ:

ಇಲ್ಲಮ್ಮ. ಚಿಕಾಗೋದ ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರುತ್ತೆ, ಓಡದೇ ಇರೋ ಮೀಟರುಗಳನ್ನೂ ವಾಚ್ ಸೇರಿಸಿಬಿಡುತ್ತೆ. 5 ಕಿ.ಮೀ. ಮ್ಯಾಟ್ ಟೈಮನ್ನು 3.107ರಿಂದ ಭಾಗಿಸಿ, ಮೈಲಿಯ ಸರಾಸರಿ ಸಿಗುತ್ತೆ.

ಇನ್ನೊಂದು ಓಟ ನೋಡಬೇಕಂದ್ರೆ 2025ರ ಲಂಡನ್ ನೋಡಿ. 30 ಕಿ.ಮೀ. ಆಸುಪಾಸಿನಲ್ಲಿ ಉಳಿದವರು ನೀರಿನ ಬಾಟಲಿಗೆ ಕೈ ಚಾಚಿದಾಗ ಸಬಾಸ್ಟಿಯನ್ ಸಾವೆ ಸೀದಾ ಮುಂದಕ್ಕೆ ಹೋದ. ಮುಂದಿನ ಐದು ಕಿ.ಮೀ. 13:56, ಮೈಲಿಗೆ 4:29. ಬಾಟಲಿ ಹಿಡಿದವರು ತಲೆ ಎತ್ತಿ ನೋಡೋಷ್ಟರಲ್ಲಿ ಅಂತರ ಬಿದ್ದಿತ್ತು.